ಚೌಕಟ್ಟಿನೊಳಗೆ ಕರೆಯದೆ ಬಂದದ್ದು

50 ರೂಪಾಯಿ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವ ಹಂಪಿಯ ಕಲ್ಲಿನ ರಥಕ್ಕೆ ಶಿಖರವಿಲ್ಲ. ವಿಠಲ ದೇವಾಲಯದ ಅಂಗಳಕ್ಕೆ ಹೋಗಿ ನಿಂತು ನೋಡಿದರೂ ಇಲ್ಲ. ಪ್ರವಾಸೋದ್ಯಮದ ಜಾಹೀರಾತು, ಗೋಡೆಯ ಕ್ಯಾಲೆಂಡರು, ಹೋಟೆಲಿನ ನಾಮಫಲಕ ಎಲ್ಲ ಕಡೆಯೂ ಇದೇ ಮೊಟಕು ಆಕಾರ ನಮ್ಮ ಕಣ್ಣಿಗೆ ಒಗ್ಗಿಹೋಗಿರುವುದರಿಂದ, ಕಟ್ಟಿದವರು ಕಟ್ಟಿದ್ದೇ ಇಷ್ಟು ಎಂದುಕೊಳ್ಳುತ್ತೇವೆ. ಆದರೆ 1856ರಲ್ಲಿ ಕಂಪನಿ ಸರ್ಕಾರದ ಮದ್ರಾಸ್ ಸೈನ್ಯದಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಮೇಣ ಹಿಡಿಸಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಇಳಿಸಿಕೊಂಡಿದ್ದ. ಅವನ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದು ನಿಂತಿದೆ. ಮುಂದೆ ಯಾವಾಗಲೋ ಅದನ್ನು ಕೆಡವಿ ತೆಗೆದರು. ಆ ನೆಗೆಟಿವ್‌ಗಳು ನೂರು ವರ್ಷಕ್ಕೂ ಮಿಕ್ಕಿ ಯಾರ ಕಣ್ಣಿಗೂ ಬೀಳದೆ ಇದ್ದು ಆಮೇಲೆ ಬೆಳಕಿಗೆ ಬಂದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದಾಗ, ಹಂಪಿ ಏನು ಕಳೆದುಕೊಂಡಿತು, ಯಾವುದು ದುರಸ್ತಿಯಾಯಿತು, ಯಾವುದು ದುರಸ್ತಿಯ ಹೆಸರಿನಲ್ಲಿ ಬದಲಾಯಿತು ಎಂಬುದು ಅಕ್ಕಪಕ್ಕದಲ್ಲಿಟ್ಟು ನೋಡಲು ಸಿಕ್ಕಿತು.

ಗೋಪುರ ಬೀಳುತ್ತದೆ, ಮುಂದಿನವರಿಗೆ ಗುರುತು ಇರಲಿ ಎಂದು ಗ್ರೀನ್‌ಲಾ ಚಿತ್ರ ತೆಗೆಯಲಿಲ್ಲ. ಬೀಳುವ ಸಂಗತಿ ಅವನಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ. ಎದುರಿಗಿತ್ತು, ಬಂತು, ಅಷ್ಟೆ. ಕಲೆ, ವಿಜ್ಞಾನ, ಪತ್ರಿಕೋದ್ಯಮ, ವ್ಯಾಪಾರ ಈ ನಾಲ್ಕೂ ಕಡೆ ಛಾಯಾಚಿತ್ರ ಮಾಡಿರುವ ಕೆಲಸವನ್ನು ನೋಡುವಾಗ ಸಾಮಾನ್ಯವಾಗಿ ತೆಗೆದವರ ಉದ್ದೇಶದಿಂದ ಲೆಕ್ಕ ಶುರುವಾಗುತ್ತದೆ. ಇದು ಸೌಂದರ್ಯಕ್ಕೆ, ಇದು ಅಳತೆಗೆ, ಇದು ಸುದ್ದಿಗೆ, ಇದು ಮಾರಾಟಕ್ಕೆ ಎಂದು ವಿಂಗಡಿಸುತ್ತೇವೆ. ಆ ವಿಂಗಡಣೆ ತಪ್ಪಲ್ಲ, ಆದರೆ ಮುಖ್ಯವಾದದ್ದು ಅದರಿಂದ ಜಾರಿಹೋಗುತ್ತದೆ. ಉದ್ದೇಶವನ್ನು ಚಿತ್ರಕಾರನ ಕುಂಚವೂ ನೆರವೇರಿಸುತ್ತದೆ, ವರದಿಗಾರನ ಬರಹವೂ ನೆರವೇರಿಸುತ್ತದೆ. ಕ್ಯಾಮೆರಾಕ್ಕೆ ಮಾತ್ರ ಇರುವ ಗುಣವೆಂದರೆ ತೆಗೆದವರು ಬಯಸದ, ಗಮನಿಸದ, ಕೆಲವೊಮ್ಮೆ ಬಚ್ಚಿಡಲು ನೋಡಿದ ವಿವರವನ್ನೂ ಒಳಗೆ ಬಿಟ್ಟುಕೊಳ್ಳುವುದು. ಛಾಯಾಚಿತ್ರದ ಬೆಲೆ ಬಹುಪಾಲು ಈ ಕರೆಯದೆ ಬಂದ ವಿವರದಲ್ಲಿದೆ ಎಂಬುದು ಈ ಲೇಖನದ ವಾದ. ಮಾತು ಹೊಸದಲ್ಲ. ನೆಗೆಟಿವ್‌ನಿಂದ ಪ್ರತಿ ತೆಗೆಯುವ ವಿಧಾನವನ್ನು ಕಂಡುಹಿಡಿದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1844ರಿಂದ 1846ರವರೆಗೆ ಕಂತುಗಳಲ್ಲಿ ಹೊರತಂದ ತನ್ನ ಪುಸ್ತಕದಲ್ಲೇ ಇದನ್ನು ಹೇಳಿದ್ದ. ಚಿತ್ರ ತೆಗೆದವನೇ ಬಹುಕಾಲದ ನಂತರ ಅದನ್ನು ಪರೀಕ್ಷಿಸಿ ನೋಡುವಾಗ, ಆಗ ತನ್ನ ಗಮನಕ್ಕೆ ಬಾರದ ಬರಹ, ತೇದಿ, ದೂರದ ಗಡಿಯಾರದ ಮುಖ ಅದರಲ್ಲಿರುವುದನ್ನು ಕಂಡು ಬೆರಗಾಗುವುದುಂಟು ಎಂಬುದು ಅವನ ಮಾತಿನ ಸಾರ. ಈ ಕಲೆ ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ ಅದರ ಜೀವಾಳ ಅದನ್ನು ಹುಟ್ಟಿಸಿದವನಿಗೆ ತಿಳಿದಿತ್ತು. ನಾವು ಅದನ್ನು ಒಂದು ಚಮತ್ಕಾರದ ಮಾತೆಂದು ಓದಿ ಮುಂದೆ ಹೋದೆವು.

ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಪುರಾವೆ ಬೇಕಾದಷ್ಟಿದೆ. 1896ರ ಫೆಬ್ರವರಿ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಮೋಡ ಕವಿದಿತ್ತು. ಯುರೇನಿಯಂ ಲವಣವನ್ನು ಬಿಸಿಲಿಗೆ ಇಟ್ಟು ಪ್ರಯೋಗ ಮಾಡಬೇಕೆಂದಿದ್ದ ಹೆನ್ರಿ ಬೆಕೆರೆಲ್ ಬೇರೆ ದಾರಿಯಿಲ್ಲದೆ ಲವಣವನ್ನೂ ಕಪ್ಪು ಕಾಗದದಲ್ಲಿ ಸುತ್ತಿದ ಫೋಟೊ ಫಲಕವನ್ನೂ ಒಟ್ಟಿಗೆ ಮೇಜಿನ ಖಾನೆಯಲ್ಲಿಟ್ಟ. ಮಾರ್ಚ್ 1ರಂದು ತೊಳೆದು ನೋಡಿದರೆ ಬಿಸಿಲೇ ತಾಗದ ಫಲಕದ ಮೇಲೆ ಗಾಢವಾದ ಗುರುತು ಬಿದ್ದಿತ್ತು. ವಿಕಿರಣಶೀಲತೆ ಮನುಷ್ಯನ ಅರಿವಿಗೆ ಬಂದದ್ದು ಹೀಗೆ. ಪ್ಲೂಟೊದ ಕಥೆ ಇನ್ನೂ ಒಂದು ತೂಕ ಹೆಚ್ಚು. ನೆಪ್ಚೂನಿನ ಆಚೆ ಒಂದು ಗ್ರಹ ಇದ್ದೇ ಇದೆ ಎಂದು ಹಟ ಹಿಡಿದು ಆಕಾಶವನ್ನು ಜಾಲಾಡಿದ ಪರ್ಸಿವಲ್ ಲೊವೆಲ್ 1916ರಲ್ಲಿ ಅದನ್ನು ಕಾಣದೆಯೇ ತೀರಿಕೊಂಡ. 1930ರಲ್ಲಿ ಅದೇ ವೀಕ್ಷಣಾಲಯದ ತರುಣ ಕ್ಲೈಡ್ ಟಾಂಬೊ ಪ್ಲೂಟೊವನ್ನು ಕಂಡುಹಿಡಿದ ಮೇಲೆ ಹಳೆಯ ಫಲಕಗಳನ್ನು ಹೊರತೆಗೆದು ನೋಡಿದರು. 1915ರಲ್ಲಿ ಲೊವೆಲ್‌ನ ವೀಕ್ಷಣಾಲಯದಲ್ಲೇ ತೆಗೆದ ಫಲಕಗಳಲ್ಲಿ ಪ್ಲೂಟೊ ಮಂಕಾಗಿ ಕೂತಿತ್ತು. ಹುಡುಕುತ್ತಿದ್ದವನ ಕಪಾಟಿನಲ್ಲೇ ಅದು ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಆ ಹಳೆಯ ಚುಕ್ಕೆಗಳು ವ್ಯರ್ಥವಾಗಲಿಲ್ಲ. ಹೊಸದಾಗಿ ಸಿಕ್ಕ ಕಾಯದ ಕಕ್ಷೆಯನ್ನು ಲೆಕ್ಕಹಾಕಲು ಅವು ನೆರವಾದವು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸುಪರ್ದಿನಲ್ಲಿರುವ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೂ ಸೂರ್ಯನ ಚಿತ್ರಗಳು ಕೂಡಿಬರುತ್ತಿವೆ. ಅಂದಿನವರು ಅಂದಿನ ಪ್ರಶ್ನೆಗೆಂದು ತೆಗೆದ ಆ ಫಲಕಗಳನ್ನು ಈಗ ಡಿಜಿಟಲ್ ರೂಪಕ್ಕಿಳಿಸಿ, ನೂರು ವರ್ಷಗಳಲ್ಲಿ ಸೂರ್ಯನ ವರ್ತನೆ ಹೇಗೆ ಏರಿಳಿಯಿತು ಎಂಬ ಇಂದಿನ ಪ್ರಶ್ನೆಗೆ ಬಳಸುತ್ತಿದ್ದಾರೆ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಉಲ್ಲಾಸ ಕಾರಂತರು ಹುಲಿಯ ಮೈಯ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ ಎಣಿಸಲು ಕ್ಯಾಮೆರಾ ಬಲೆಗಳನ್ನು ಹೂಡಿದರು. ಹುಲಿಗೆಂದು ಹೂಡಿದ ಬಲೆಯ ಮುಂದೆ ಚಿರತೆ, ಸೀಳುನಾಯಿ, ಕಾಟಿ ಎಲ್ಲವೂ ಹಾದುಹೋಗುತ್ತವೆ. ಅವುಗಳ ಓಡಾಟವನ್ನು ಅರಿಯಬಯಸುವವರಿಗೆ ಅವೂ ದಾಖಲೆಯೇ.

ವ್ಯಾಪಾರದ ಮಾತು ಬಂದಾಗ ಜಾಹೀರಾತಿನ ಚಿತ್ರ ನೆನಪಾಗುವುದು ಸರಿಯೇ. ಅಲ್ಲಿ ಬೇಡದ್ದನ್ನೆಲ್ಲ ಒರೆಸಿಹಾಕುವುದೇ ಕಸುಬು. ಬಿಳಿ ಹಿನ್ನೆಲೆ, ನೆರಳಿಲ್ಲದ ಬೆಳಕು, ಸುಕ್ಕಿಲ್ಲದ ಸೀರೆ. ಆದರೆ ವ್ಯಾಪಾರದ ಲೋಕದಿಂದಲೇ ಬಂದ, ಇಡೀ ವಾದವನ್ನು ಒಂದೇ ಘಟನೆಯಲ್ಲಿ ಹಿಡಿದಿಡುವ ಉದಾಹರಣೆಯೊಂದಿದೆ. 1945ರಲ್ಲಿ ಕೊಡಾಕ್ ಕಂಪನಿಗೆ ತನ್ನ ಎಕ್ಸ್‌ರೇ ಫಿಲ್ಮುಗಳ ಮೇಲೆ ಚುಕ್ಕೆ ಬೀಳುತ್ತಿರುವ ದೂರು ತಲೆನೋವಾಯಿತು. ಕಂಪನಿಯ ಭೌತವಿಜ್ಞಾನಿ ಜೂಲಿಯನ್ ವೆಬ್ ಜಾಡು ಹಿಡಿದು ಹೋದಾಗ ತಪ್ಪು ಫಿಲ್ಮಿನದಲ್ಲ, ಅದನ್ನು ಸುತ್ತಿದ ಹುಲ್ಲಿನ ರಟ್ಟಿನದು ಎಂದು ತಿಳಿಯಿತು. ಆ ರಟ್ಟು ತಯಾರಾದದ್ದು ಇಂಡಿಯಾನಾದ ವಿನ್ಸೆನ್ಸ್ ಎಂಬ ಊರಿನ ಕಾರ್ಖಾನೆಯಲ್ಲಿ. ಅದರಲ್ಲಿ ಸೇರಿಕೊಂಡಿದ್ದ ವಿಕಿರಣಶೀಲ ವಸ್ತು ಬಂದದ್ದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಆ ಜುಲೈ 16ರಂದು ಗುಟ್ಟಾಗಿ ಸಿಡಿಸಿದ ಮೊದಲ ಅಣುಬಾಂಬಿನಿಂದ. ವೆಬ್ ಇದನ್ನು 1949ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ. ಮಾರಾಟಕ್ಕೆ ತಯಾರಾದ, ಇನ್ನೂ ಯಾರೂ ಬಳಸದ, ಬಳಸುವ ಮೊದಲೇ ಕೆಟ್ಟುಹೋದ ಫಿಲ್ಮು ಒಂದು ಸರ್ಕಾರ ಬಚ್ಚಿಟ್ಟ ಸ್ಫೋಟದ ಧೂಳು ಎಲ್ಲಿಯವರೆಗೆ ಹರಡಿತ್ತು ಎಂಬುದನ್ನು ಹೇಳಿಬಿಟ್ಟಿತು. ಕಂಪನಿಯ ಲೆಕ್ಕದಲ್ಲಿ ಅದು ನಷ್ಟ.

ಪತ್ರಿಕೋದ್ಯಮದಲ್ಲಿ ಇದರ ಪಾಠ ಇನ್ನೊಂದು ಬಗೆಯದು. ಟೈಮ್ ಪತ್ರಿಕೆಯ ಡರ್ಕ್ ಹಾಲ್‌ಸ್ಟೆಡ್ 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಭಾಗವಹಿಸಿದ್ದ ನಿಧಿಸಂಗ್ರಹದ ಸಭೆಯಲ್ಲಿ ಎಂದಿನಂತೆ ರೀಲುಗಟ್ಟಲೆ ಚಿತ್ರ ತೆಗೆದ. ಅವುಗಳಲ್ಲೊಂದರಲ್ಲಿ ಜನರ ಸಾಲಿನಲ್ಲಿದ್ದ ಒಬ್ಬ ಯುವತಿಯನ್ನು ಕ್ಲಿಂಟನ್ ಅಪ್ಪಿಕೊಂಡಿದ್ದ. ಅಂದು ಅದು ಸುದ್ದಿಯಲ್ಲ. 1998ರಲ್ಲಿ ಕ್ಲಿಂಟನ್‌ಗೂ ಮೋನಿಕಾ ಲೆವಿನ್‌ಸ್ಕಿಗೂ ಇದ್ದ ಸಂಬಂಧದ ಪ್ರಕರಣ ಹೊರಬಿದ್ದಾಗ ಈ ಮುಖವನ್ನು ಎಲ್ಲೋ ನೋಡಿದ್ದೇನೆ ಎಂಬ ನೆನಪಿನ ಎಳೆ ಹಿಡಿದು ಹಳೆಯ ಸ್ಲೈಡುಗಳ ರಾಶಿಯನ್ನು ಶೋಧಿಸಿದಾಗ ಅದು ಸಿಕ್ಕಿತು, ಪತ್ರಿಕೆಯ ಮುಖಪುಟಕ್ಕೂ ಬಂತು. ಅದೇ ಸಭೆಯಲ್ಲಿ ಡಿಜಿಟಲ್ ಕ್ಯಾಮೆರಾ ಹಿಡಿದಿದ್ದವರು ಉಪಯೋಗವಿಲ್ಲವೆಂದು ಅಳಿಸಿಹಾಕಿದ್ದರು, ತಾನು ಫಿಲ್ಮು ಬಳಸಿದ್ದರಿಂದ ಉಳಿಯಿತು ಎಂದು ಹಾಲ್‌ಸ್ಟೆಡ್ ಹೇಳುತ್ತಿದ್ದ. ಈ ಪ್ರಕರಣದ ಘನತೆಯ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ಅಂದಿನ ಸಂಪಾದಕನ ಕಣ್ಣಿಗೆ ನಾಳೆಯ ಪ್ರಶ್ನೆ ಕಾಣುವುದಿಲ್ಲ ಎಂಬುದಂತೂ ನಿಜ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ, ಬರಬೇಕಾದದ್ದೇ. ಛಾಯಾಚಿತ್ರ ಹುಟ್ಟಿದಾಗಿನಿಂದಲೂ ಸುಳ್ಳು ಹೇಳುತ್ತಿದೆಯಲ್ಲ? ಜೋಡಿಸಿ, ನಿಲ್ಲಿಸಿ, ತಿದ್ದಿ ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಹಾಗಿದ್ದ ಮೇಲೆ ಕರೆಯದೆ ಬಂದ ವಿವರವನ್ನು ನಂಬುವುದು ಹೇಗೆ? ಉತ್ತರಕ್ಕೆ ಆ ಸುಳ್ಳುಗಳನ್ನೇ ಹತ್ತಿರದಿಂದ ನೋಡೋಣ. 1855ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದ ರೋಜರ್ ಫೆಂಟನ್ ಒಂದು ಕಣಿವೆಯ ಎರಡು ಚಿತ್ರ ತೆಗೆದ. ಒಂದರಲ್ಲಿ ದಾರಿಯ ತುಂಬ ಫಿರಂಗಿ ಗುಂಡುಗಳು, ಇನ್ನೊಂದರಲ್ಲಿ ದಾರಿ ಖಾಲಿ. ಗುಂಡುಗಳನ್ನು ತಂದು ಹರಡಿಸಿ ನಾಟಕೀಯ ಚಿತ್ರ ತೆಗೆದನೇ, ಅಥವಾ ಇದ್ದ ಗುಂಡುಗಳನ್ನು ಯಾರೋ ಆಯ್ದುಕೊಂಡು ಹೋದ ಮೇಲೆ ಖಾಲಿ ದಾರಿಯ ಚಿತ್ರ ತೆಗೆದನೇ? ಲೇಖಕಿ ಸೂಸನ್ ಸಾಂಟಾಗ್ ಮೊದಲನೆಯದೇ ಸರಿ ಎಂದು ಬರೆದಿದ್ದಳು. ಆಧಾರವೇನು ಎಂದು ಕೇಳಿದ ಚಲನಚಿತ್ರಕಾರ ಎರಲ್ ಮಾರಿಸ್ 2007ರಲ್ಲಿ ಆ ಕಣಿವೆಗೇ ಹೋಗಿ ಬಂದ, ನೆರಳಿನ ಕೋನಗಳನ್ನು ಅಳೆಸಿದ, ತೀರ್ಮಾನವಾಗಲಿಲ್ಲ. ಕೊನೆಗೆ ಬಗೆಹರಿಸಿದ್ದು ದಾರಿಯ ಪಕ್ಕದ ಇಳಿಜಾರಿನ ಪುಟ್ಟ ಕಲ್ಲುಗಳು. ಗುಂಡುಗಳಿರುವ ಚಿತ್ರದಲ್ಲಿ ಆ ಕಲ್ಲುಗಳು ಸ್ವಲ್ಪ ಕೆಳಕ್ಕೆ ಸರಿದಿವೆ. ಓಡಾಡಿದವರ ಕಾಲು ತಾಗಿ ಉರುಳಿದ ಕಲ್ಲು ಇಳಿಜಾರನ್ನು ತಾನಾಗಿ ಹತ್ತುವುದಿಲ್ಲ. ಹಾಗಾಗಿ ಖಾಲಿ ದಾರಿಯೇ ಮೊದಲಿನದು, ಗುಂಡುಗಳು ಆಮೇಲೆ ಬಂದವು. ಸಾಂಟಾಗ್ ಹೇಳಿದ್ದು ಸರಿಯಾಗಿತ್ತು, ಅದಕ್ಕೆ ಸಾಕ್ಷಿ ಮಾತ್ರ ಫೆಂಟನ್ ಕಣ್ಣೆತ್ತಿಯೂ ನೋಡಿರದ ಕಲ್ಲುಚೂರುಗಳಲ್ಲಿತ್ತು. ರಾಬರ್ಟ್ ಕಾಪಾನ ಪ್ರಸಿದ್ಧ ಚಿತ್ರ, 1936ರ ಸ್ಪೇನಿನ ಅಂತರ್ಯುದ್ಧದಲ್ಲಿ ಗುಂಡೇಟು ತಿಂದು ಬೀಳುತ್ತಿರುವ ಸೈನಿಕ, ಇದರದ್ದೂ ಇದೇ ಪಾಡು. ಸೆರೊ ಮುರಿಯಾನೊ ಎಂಬಲ್ಲಿ ತೆಗೆದದ್ದೆಂದು ದಶಕಗಟ್ಟಲೆ ಹೇಳಿಕೊಂಡು ಬಂದಿದ್ದರು. ಹಿನ್ನೆಲೆಯ ಬೆಟ್ಟಗಳ ಸಾಲನ್ನು ಹೋಲಿಸಿದ ಸ್ಪೇನಿನ ಪ್ರಾಧ್ಯಾಪಕ ಹೋಸೆ ಮಾನುಯೆಲ್ ಸುಸ್ಪೆರೆಗಿ 2009ರಲ್ಲಿ, ಅದು ಸುಮಾರು 50 ಕಿಲೋಮೀಟರ್ ದೂರದ ಎಸ್ಪೆಹೊ ಎಂದು ತೋರಿಸಿದ. ಆ ದಿನಗಳಲ್ಲಿ ಅಲ್ಲಿ ಕಾಳಗ ನಡೆದಿತ್ತೇ ಎಂಬ ಪ್ರಶ್ನೆ ಎದ್ದು, ಚಿತ್ರ ಅಭಿನಯದ್ದಿರಬಹುದು ಎಂಬ ಸಂಶಯಕ್ಕೆ ಬಲ ಬಂತು. ಸೈನಿಕನನ್ನು ನಿಲ್ಲಿಸಬಹುದು, ಬೀಳಿಸಬಹುದು. ಬೆಟ್ಟವನ್ನು ಕದಲಿಸಲಾಗದು.

ಎರಡನೆಯ ಆಕ್ಷೇಪ ಕಲೆಯ ಕಡೆಯಿಂದ. ಎಲ್ಲವೂ ತಾನಾಗಿ ಬರುವುದಾದರೆ ಕಲಾವಿದ ಯಾಕೆ, ಬ್ಯಾಂಕಿನ ಗೋಡೆಯ ಕಣ್ಗಾವಲು ಕ್ಯಾಮೆರಾ ಸಾಲದೆ? ಸಾಲದು. ಗ್ರೀನ್‌ಲಾನ ನೆಗೆಟಿವ್ ದೊಡ್ಡದಿತ್ತು, ಅದನ್ನು ಮೇಣ ಹಿಡಿಸಿ ಹದಮಾಡುವ ಕೈಚಳಕ ಅವನಿಗಿತ್ತು, ಕಟ್ಟಡದ ಪೂರ್ತಿ ಎತ್ತರ ಕಾಣುವ ಜಾಗ ಯಾವುದೆಂದು ಅವನ ಕಣ್ಣಿಗೆ ಗೊತ್ತಿತ್ತು. ಅದಕ್ಕೆ ಎರಡು ವರ್ಷ ಮೊದಲು, 1854ರಲ್ಲಿ, ಬೇಲೂರು ಹಳೇಬೀಡುಗಳ ಚಿತ್ರ ತೆಗೆದ ಲಿನ್ನೇಯಸ್ ಟ್ರೈಪ್‌ನಿಗೂ ಅಂಥದೇ ಕಣ್ಣಿತ್ತು. ಕುಶಲತೆ ಹೆಚ್ಚಿದಷ್ಟೂ ಜಗತ್ತು ಚೌಕಟ್ಟಿನೊಳಗೆ ಹೆಚ್ಚು ದಟ್ಟವಾಗಿ ಬರುತ್ತದೆ. ಪ್ಯಾರಿಸ್‌ನ ಯೂಜೆನ್ ಅಟ್ಜೆ ತನ್ನನ್ನು ಕಲಾವಿದನೆಂದು ಕರೆದುಕೊಳ್ಳಲಿಲ್ಲ. ಚಿತ್ರಕಾರರಿಗೆ, ಅಲಂಕಾರದ ಕೆಲಸದವರಿಗೆ, ಗ್ರಂಥಾಲಯಗಳಿಗೆ ಹಳೆಯ ಬೀದಿ ಬಾಗಿಲುಗಳ ಚಿತ್ರಗಳನ್ನು ಮಾರಿ ಬದುಕಿದ, ಅವನ್ನು ಬರೀ ದಾಖಲೆಗಳೆಂದೇ ಕರೆದ. 1927ರಲ್ಲಿ ಅವನು ಸತ್ತಾಗ ಅಮೆರಿಕದ ಬೆರೆನಿಸ್ ಆಬಟ್ ಮುತುವರ್ಜಿಯಿಂದ ಆ ಸಂಗ್ರಹವನ್ನು ಉಳಿಸಿಕೊಳ್ಳದಿದ್ದರೆ ಇಂದು ಅವನ ಹೆಸರು ಇರುತ್ತಿರಲಿಲ್ಲ. ಅಂಗಡಿಯ ಗಾಜಿನ ಹಿಂದಿನ ಉಡುಪಿನ ಗೊಂಬೆಗಳ ಮೇಲೆ ಎದುರು ಬೀದಿಯ ಕಟ್ಟಡದ ಪ್ರತಿಬಿಂಬ ಬಂದು ಕೂತಿರುವ ಅವನ ಚಿತ್ರಗಳನ್ನು ಕಂಡು ಅತಿವಾಸ್ತವವಾದಿಗಳು ಮರುಳಾದರು. ಆ ಪ್ರತಿಬಿಂಬವನ್ನು ಅವನು ಬಯಸಿದ್ದನೋ ಸಹಿಸಿಕೊಂಡನೋ ಎಂದು ಜಗಳವಾಡಬಹುದು. ವ್ಯಾಪಾರಕ್ಕೆ ಹುಟ್ಟಿದ ಚಿತ್ರ ಕಲೆಯಾಗಿ ಬೆಳೆದದ್ದು ಆ ಪ್ರತಿಬಿಂಬದಂಥವುಗಳಿಂದ. ಕೆಲವು ಸ್ಪರ್ಧೆಗಳ ಚಿತ್ರಗಳನ್ನು ನೋಡುವಾಗ, ಹಿನ್ನೆಲೆಯನ್ನು ಇಷ್ಟು ಶುಚಿಯಾಗಿ ಮಸುಕು ಮಾಡಿ ಇವರು ಮುಂದಿನ ತಲೆಮಾರಿಗೆ ಏನು ಬಿಟ್ಟುಹೋಗುತ್ತಿದ್ದಾರೆ ಎಂದು ಕೇಳಬೇಕೆನಿಸುತ್ತದೆ.

ಕ್ಯಾಮೆರಾ ಎಲ್ಲವನ್ನೂ ಹಿಡಿಯುತ್ತದೆ ಎಂದು ಮಾತ್ರ ಹೇಳಬಾರದು. 1838ರ ಸುಮಾರಿಗೆ, ಛಾಯಾಗ್ರಹಣದ ಆರಂಭಿಕರಲ್ಲೊಬ್ಬನಾದ ಡಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲಿ ಗಾಡಿ ಜನ ಯಾರೂ ಇಲ್ಲ. ಫಲಕಕ್ಕೆ ಬಹಳ ಹೊತ್ತು ಬೆಳಕು ಬೇಕಿದ್ದರಿಂದ ಚಲಿಸಿದ್ದೆಲ್ಲ ಅಳಿಸಿಹೋಗಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮಾತ್ರ ಉಳಿದ. ಆ ಕಾಲದ ನಮ್ಮ ದೇಗುಲಗಳ ಚಿತ್ರಗಳು ನಿರ್ಜನವಾಗಿ ಕಾಣುವುದಕ್ಕೆ ಈ ತಾಂತ್ರಿಕ ಮಿತಿ ಒಂದು ಕಾರಣವಾದರೆ, ಪಾಳುಬಿದ್ದ ನಾಡನ್ನೇ ನೋಡಬಯಸಿದ ಆಳುವವರ ಕಣ್ಣು ಇನ್ನೊಂದು. ಚೌಕಟ್ಟಿನ ಆಚೆ ಉಳಿದದ್ದನ್ನು ಯಾವ ಭೂತಗನ್ನಡಿಯೂ ಒಳಗೆ ತರದು.

ಇನ್ನೂ ಗಟ್ಟಿಯಾದ ಆಕ್ಷೇಪವಿದೆ. ಕರೆಯದೆ ಬಂದ ವಿವರ ಯಾವಾಗಲೂ ನಮ್ಮ ಪರವಾಗಿಯೇ ನುಡಿಯುವುದಿಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥ ಈ ದೇಶದ ಜನರನ್ನು ಜಾತಿ ಬುಡಕಟ್ಟುಗಳ ಮಾದರಿಗಳಂತೆ ನಿಲ್ಲಿಸಿ, ಯಾರು ನಂಬಿಗಸ್ತರು, ಯಾರು ಅಲ್ಲ ಎಂಬ ಷರಾ ಬರೆದಿತ್ತು. ನಮ್ಮ ಕಾಲಕ್ಕೆ ಬಂದರೆ, ಗೂಗಲ್ ನಕ್ಷೆಯ ವ್ಯಾಪಾರಕ್ಕೆಂದು ಬೀದಿ ಬೀದಿಯಲ್ಲಿ ತೆಗೆಸಿದ 5 ಕೋಟಿ ಚಿತ್ರಗಳನ್ನು ಬಳಸಿ, ಅಮೆರಿಕದ 200 ನಗರಗಳ ಮನೆಮುಂದಿನ ಕಾರುಗಳ ಮಾದರಿಯಿಂದ ಅಲ್ಲಿನವರ ಆದಾಯ, ಮತ ಹಾಕುವ ಒಲವು ಇವುಗಳನ್ನು ಅಂದಾಜು ಮಾಡಬಹುದೆಂದು 2017ರಲ್ಲಿ ಸಂಶೋಧಕರು ತೋರಿಸಿದರು. ಪಿಕಪ್ ವಾಹನಗಳಿಗಿಂತ ಸೆಡಾನ್‌ಗಳು ಹೆಚ್ಚಿರುವ ಊರು ಡೆಮಾಕ್ರಾಟರ ಕಡೆ ವಾಲುತ್ತದೆ ಎಂಬುದು ಅವರ ಲೆಕ್ಕ. ಕಾರನ್ನು ಬೀದಿಯಲ್ಲಿ ನಿಲ್ಲಿಸಿದವನು ತಾನು ಮತದ ಗುಟ್ಟನ್ನು ಬಿಟ್ಟುಕೊಡುತ್ತಿದ್ದೇನೆಂದು ಎಣಿಸಿರಲಾರ. ಮೆರವಣಿಗೆಯ ಸುದ್ದಿಚಿತ್ರದ ಮೂಲೆಯಲ್ಲಿದ್ದ ಮುಖ ನಾಳೆ ಪೊಲೀಸರ ಕಡತಕ್ಕೆ ಹೋಗಬಹುದು. ಈ ಆಕ್ಷೇಪಕ್ಕೆ ಪೂರ್ತಿ ಸಮಾಧಾನ ಹೇಳುವಂಥ ಉತ್ತರ ಇಲ್ಲ. ಇದರಿಂದ ವಾದ ಬೀಳುವುದಿಲ್ಲ, ಬದಲಿಗೆ ಅದರ ಇನ್ನೊಂದು ಮಗ್ಗುಲು ಕಾಣುತ್ತದೆ. ಅನಪೇಕ್ಷಿತ ವಿವರಕ್ಕೆ ಇಷ್ಟು ಶಕ್ತಿ ಇರುವುದರಿಂದಲೇ ಅದು ಯಾರ ಕೈಯಲ್ಲಿದೆ, ಯಾರ ಅಂಕೆಯಲ್ಲಿದೆ ಎಂಬುದು ರಾಜಕೀಯ ಪ್ರಶ್ನೆಯಾಗುತ್ತದೆ. ಚಿತ್ರಗಳೆಲ್ಲ ಕಂಪನಿಗಳ ಗೋದಾಮಿನಲ್ಲಿದ್ದು, ಊರಿನವರ ಕೈಯಲ್ಲಿ ಏನೂ ಉಳಿಯದಿದ್ದರೆ ಪ್ರಶ್ನೆ ಕೇಳುವ ಹಕ್ಕೂ ಕಂಪನಿಗಳದ್ದೇ ಆಗುತ್ತದೆ.

ಈಗ ಕೈಫೋನಿಗೆ ಬರೋಣ. 2023ರಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆಯ ಮೇಲಿಟ್ಟು, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ಅದರ ಫೋಟೊ ತೆಗೆದರು. ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದವು. ಚಂದ್ರ ಹೇಗಿರುತ್ತಾನೆಂದು ಫೋನಿಗೆ ಮೊದಲೇ ಗೊತ್ತಿತ್ತು. ಬರೆದ ಮಾತಿನಿಂದ ಚಿತ್ರ ಹುಟ್ಟಿಸುವ ಕೃತಕ ಬುದ್ಧಿಮತ್ತೆ ಇದೇ ದಾರಿಯ ಕೊನೆಯ ನಿಲ್ದಾಣ. ಅಲ್ಲೂ ಯಾರೂ ಕೇಳದ ವಿವರಗಳು ಬರುತ್ತವಲ್ಲ, ಆರು ಬೆರಳಿನ ಕೈಗಳು ಬರುತ್ತಿದ್ದವಲ್ಲ ಎಂದು ಕೇಳಬಹುದು. ಬರುತ್ತವೆ, ಆದರೆ ಆ ಆರನೆಯ ಬೆರಳು ಯಂತ್ರ ಕಲಿತ ಬಗೆಯನ್ನು ಹೇಳುತ್ತದೆ, ಕೈಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಂಪಿಯ ರಥದ ಇಂಥ ಚಿತ್ರವನ್ನು ಯಂತ್ರದಿಂದ ಬರೆಸಿ ನೂರೈವತ್ತು ವರ್ಷ ಕಾದಿಟ್ಟರೂ, ಬೀಳಲಿರುವ ಗೋಪುರ ಅದರಲ್ಲಿ ಸಿಗದು. ಹಾಗಾದರೆ 2019ರಲ್ಲಿ ಪ್ರಕಟವಾದ, ಎಂ87 ಎಂಬ ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರವೂ ಲೆಕ್ಕಾಚಾರದಿಂದಲೇ ಮೂಡಿದ್ದಲ್ಲವೇ? ಹೌದು. ವ್ಯತ್ಯಾಸ ಏನೆಂದರೆ, ಆ ಚಿತ್ರವನ್ನು ನಾಲ್ಕು ತಂಡಗಳು ಬೇರೆ ಬೇರೆಯಾಗಿ ಕಟ್ಟಿ ತಾಳೆ ನೋಡಿದವು, ಮಾಹಿತಿಯನ್ನು ಹೊರಗಿನವರಿಗೂ ಬಿಟ್ಟುಕೊಟ್ಟರು. ಆಕಾಶದಿಂದ ಬಂದ ಅಲೆಯ ದಾಖಲೆ ಚಿತ್ರದ ಹಿಂದೆ ಇದೆ, ನಾಳೆ ಬೇರೆ ಪ್ರಶ್ನೆ ಇಟ್ಟುಕೊಂಡು ಬಂದವರು ಅದನ್ನು ಮತ್ತೆ ಬಗೆಯಬಹುದು. ಫೋನಿನ ಚಂದ್ರನ ಹಿಂದೆ ಬಗೆಯಲು ಏನೂ ಉಳಿದಿಲ್ಲ.

ಹೀಗಿರುವಾಗ ನಮ್ಮಲ್ಲಿ ಏನನ್ನು ಉಳಿಸಬೇಕು, ಯಾರು ಉಳಿಸಬೇಕು ಎಂಬುದು ಬರೀ ತಾತ್ವಿಕ ಮಾತಾಗಿ ಉಳಿಯುವುದಿಲ್ಲ. ಗ್ರಂಥಾಲಯ, ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಹೆಸರಾಂತರ ಚಿತ್ರ, ಹೆಸರಾಂತ ಘಟನೆಯ ಚಿತ್ರ ಇವನ್ನು ಹುಡುಕುತ್ತವೆ. ಪತ್ರಿಕಾ ಕಚೇರಿಯಲ್ಲಿ ಅಚ್ಚಿಗೆ ಕತ್ತರಿಸಿದ ಪ್ರತಿ ಉಳಿದರೆ ಹೆಚ್ಚು. ಇಡೀ ಚೌಕಟ್ಟು, ತೇದಿ, ಊರು, ತೆಗೆದವರ ಹೆಸರು ಇರುವ ತಿದ್ದದ ಫೈಲನ್ನು ಇಟ್ಟುಕೊಳ್ಳಲು ತಗಲುವ ಖರ್ಚನ್ನು ಯಾರೂ ಆಯವ್ಯಯದಲ್ಲಿ ಸೇರಿಸುವುದಿಲ್ಲ. ಆದರೆ ಕಳೆದ ಎಪ್ಪತ್ತೆಂಬತ್ತು ವರ್ಷಗಳ ಕರ್ನಾಟಕದ ದಟ್ಟ ದಾಖಲೆ ಇರುವುದು ಸಣ್ಣ ಊರುಗಳ ಸ್ಟುಡಿಯೊಗಳಲ್ಲಿ. ಮದುವೆ, ಗೃಹಪ್ರವೇಶ, ಶಾಲೆಯ ಗುಂಪುಚಿತ್ರ, ಸಹಕಾರ ಸಂಘದ ಉದ್ಘಾಟನೆ. ಅಲ್ಲಿ ಮುಖ್ಯವಾದದ್ದು ವಧೂವರರಲ್ಲ. ಅವರ ಹಿಂದಿನ ಗೋಡೆ, ಚಪ್ಪರದ ಸೋಗೆ, ಬಂದವರ ಕಾಲಿನ ಚಪ್ಪಲಿ, ಪಾತ್ರೆ, ಸೂರು. ಊಟದ ಪಂಕ್ತಿಯ ಚಿತ್ರದಲ್ಲಿ ಯಾರ ಪಕ್ಕ ಯಾರು ಕೂತರು, ಯಾರು ಬಡಿಸಿದರು, ಯಾರಿಗೆ ಬೇರೆ ಕಡೆ ಎಲೆ ಹಾಕಿದರು ಎಂಬುದೂ ಇರುತ್ತದೆ. ಆತ್ಮಚರಿತ್ರೆಯಲ್ಲಿ ಯಾವ ಯಜಮಾನನೂ ಅದನ್ನು ಬರೆದಿರುವುದಿಲ್ಲ. ಫಿಲ್ಮಿನ ಕಾಲ ಮುಗಿದ ಮೇಲೆ ಇಂಥ ನೆಗೆಟಿವ್‌ಗಳು ಅಟ್ಟ ಸೇರಿದವು, ತೇವಕ್ಕೆ ಒಂದಕ್ಕೊಂದು ಅಂಟಿಕೊಂಡವು, ಗುಜರಿಗೆ ಹೋದವು. ಡಿಜಿಟಲ್ ಬಂದ ಮೇಲೆ ಆಲ್ಬಮ್ ಒಪ್ಪಿಸಿದ ಕೆಲ ತಿಂಗಳಿಗೆ ಹಾರ್ಡ್‌ಡಿಸ್ಕ್ ಖಾಲಿ ಮಾಡಿ ಮುಂದಿನ ಲಗ್ನಕ್ಕೆ ಅಣಿಯಾಗುವುದು ಸ್ಟುಡಿಯೊದವರಿಗೆ ಅನಿವಾರ್ಯ, ಅವರನ್ನು ದೂರಿ ಪ್ರಯೋಜನವಿಲ್ಲ. ಜಿಲ್ಲೆಗೊಂದು ಸಂಗ್ರಹಾಲಯ ಮಾಡಿ, ಕುಟುಂಬದವರ ಒಪ್ಪಿಗೆ ಪಡೆದು, ಇಂತಿಷ್ಟು ವರ್ಷ ಯಾರಿಗೂ ತೋರಿಸುವುದಿಲ್ಲವೆಂಬ ಕರಾರಿನೊಂದಿಗೆ ಅವನ್ನು ಕೊಂಡು ಇಡುವುದು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಿಗೆ ಅಸಾಧ್ಯದ ಕೆಲಸವಲ್ಲ. ಬಾಗಿಲು ಹಾಕಲಿರುವ ಸ್ಟುಡಿಯೊಗಳ ಪಟ್ಟಿಯನ್ನು ಮೊದಲು ಮಾಡಿದರೂ ಆದೀತು.